ಒಡ್ರಿಕ್ ಮಹಾರಾಜನ ಮರೀಚ ದಿಗ್ವಿಜಯ

ಜಿಹ್ವಾಗ್ರನಿವಾಸಿನಿಯೂ ಷಡ್ರಸಾಧೀಶ್ವರಿಯೂ ಆದ ಎಲೈ ತಾಯೇ, ಒಂದು ಗಳಿಗೆ ನನ್ನ ನಾಲಗೆಯ ಮೇಲೆ ಬಂದು ಕುಳಿತುಕೋ. ಖಾರ ಹತ್ತಿದರೆ ಕ್ಷಮಿಸು. ನಾನು ಹೇಳಹೊರಟಿರುವುದು ಹೆಣ್ಣಿಗಾಗಿ ನಡೆದ ಕಾಳಗವಲ್ಲ, ಮಣ್ಣಿಗಾಗಿ ನಡೆದ ಕಾಳಗವಲ್ಲ. ಕಪ್ಪಗೆ, ಗುಂಡಗೆ, ಮೈತುಂಬ ಸುಕ್ಕುಬಿದ್ದು, ಹಲ್ಲಿಗೆ ಸಿಕ್ಕರೆ ಚಕ್ರವರ್ತಿಯ ಕಣ್ಣಲ್ಲೂ ನೀರು ತರಿಸಬಲ್ಲ ಮರೀಚಕ್ಕಾಗಿ, ಅಂದರೆ ನಮ್ಮ ಕಾಳುಮೆಣಸಿಗಾಗಿ, ಒಬ್ಬ ದೊರೆಯು ಸಮುದ್ರಗಳನ್ನೆಲ್ಲ ಕಲಕಿದ ಕಥೆ ಇದು.

ಅದು ಎಂಥ ಯುಗ! ಭೂಮಿ ದೋಸೆಯಂತೆ ಚಪ್ಪಟೆಯೋ ಕಡುಬಿನಂತೆ ಉಬ್ಬಿದೆಯೋ ಎಂದು ವಿದ್ವಾಂಸರು ಗಡ್ಡ ಹಿಡಿದು ಹೊಡೆದಾಡುತ್ತಿದ್ದ ಯುಗ; ಭೂಪಟ ಬರೆಯುವವರು ತಮಗೆ ಗೊತ್ತಿಲ್ಲದ ಕಡೆಯಲ್ಲೆಲ್ಲ ಒಂದೊಂದು ತಿಮಿಂಗಿಲದ ಚಿತ್ರ ಬರೆದು ಕೈತೊಳೆದುಕೊಳ್ಳುತ್ತಿದ್ದ ಯುಗ. ಆ ಯುಗದಲ್ಲಿ ಯುರೋಪ ಖಂಡದ ಪಡುವಣ ಅಂಚಿನಲ್ಲಿ, ಭೂಪಟದವರು ಕುಂಚ ಒರೆಸಿಕೊಳ್ಳುತ್ತಿದ್ದ ಜಾಗದಲ್ಲಿ, ಲೊಂಬರ್ಗವೆಂಬ ಮಹಾಸಾಮ್ರಾಜ್ಯವಿತ್ತು. ಬೆಳಿಗ್ಗೆ ಕುದುರೆ ಹತ್ತಿ ಹೊರಟವನು ಗಡಿಯನ್ನು ಮುಟ್ಟಿ, ಹಿಂದಿರುಗಿ, ಕೈಕಾಲು ತೊಳೆದು ಬಿಸಿ ಊಟಕ್ಕೆ ಕೂರಬಹುದಾದಷ್ಟು ಅದರ ವಿಸ್ತಾರ.

ಅದನ್ನು ಆಳುತ್ತಿದ್ದವನು ಪ್ರಚಂಡಭುಜದಂಡಮಂಡಿತ, ಅರಿರಾಜಗಜಘಟಾವಿಘಟನಪಟು, ತ್ರಿಕಾಲಭೋಜನನಿಷ್ಠ, ಶ್ರೀಮನ್ಮಹಾರಾಜ ಒಡ್ರಿಕ್. ಈ ಬಿರುದುಗಳಲ್ಲಿ ಕೊನೆಯದು ಮಾತ್ರ ಅವನದೇ ಸಂಪಾದನೆ. ಮಿಕ್ಕವು ಆಸ್ಥಾನದ ಹೊಗಳುಭಟ್ಟರ ದಯೆ. ಆದರೂ ಈ ರಾಜನನ್ನು ಕಂಡರೆ ನನಗೆ ಪ್ರೀತಿ, ಅದನ್ನೇನೂ ಮುಚ್ಚಿಡುವುದಿಲ್ಲ. ಅವನು ಯಾರ ತಂಟೆಗೂ ಹೋದವನಲ್ಲ. ಹೆಂಡತಿಯ ತಮ್ಮನೊಬ್ಬನು ಇಲ್ಲದಿದ್ದರೆ ಸುಖವಾಗಿ ಬದುಕಿ ಸುಖವಾಗಿ ಸಾಯುತ್ತಿದ್ದ.

ಆ ತಮ್ಮನೇ ಗುಂಟೋಲ್ಫ, ಪಕ್ಕದ ವಾಲ್ಡೋರಿಯದ ದೊರೆ, ಪಟ್ಟಮಹಿಷಿ ಹೆಡ್ವಿಗಾದೇವಿಯ ಮುದ್ದಿನ ಒಡಹುಟ್ಟು. ಅವನ ರಾಜ್ಯವೇನೂ ದೊಡ್ಡದಲ್ಲ, ಆದರೆ ಕೂತ ಜಾಗ ದೊಡ್ಡದು. ಆಗ ಮೆಣಸು ಎಲ್ಲಿ ಬೆಳೆಯುತ್ತದೆಂದು ಆ ಖಂಡದಲ್ಲಿ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಮೂಡಲಲ್ಲೆಲ್ಲೋ ಬಳ್ಳಿಯಲ್ಲಿ ಬಿಡುತ್ತದಂತೆ, ಬುಡದಲ್ಲಿ ಹಾವು ಕಾಯುತ್ತದಂತೆ, ಹಾವಿಗೆ ಹೊಗೆ ಹಾಕಿ ಕೊಯ್ಯುವುದರಿಂದಲೇ ಕಾಳು ಕಪ್ಪಂತೆ! ಅಲ್ಲಿಂದ ಅದು ಹಡಗು ಹತ್ತಿ, ಹಡಗಿಳಿದು ಒಂಟೆ ಹತ್ತಿ, ಒಂಟೆಯಿಳಿದು ವರ್ತಕರ ಉಗ್ರಾಣ ಹೊಕ್ಕು, ಅಲ್ಲಿಂದ ಹೇಸರಗತ್ತೆಯ ಬೆನ್ನೇರಿ ಪರ್ವತ ದಾಟಿ ವಾಲ್ಡೋರಿಯದ ಸುಂಕದ ಕಟ್ಟೆಗೆ ಬರಬೇಕು. ದಾರಿಯಲ್ಲಿ ಮುಟ್ಟಿದವರೆಲ್ಲ ಬೆಲೆ ಏರಿಸಿ, ಮೂಟೆಯ ತೂಕ ಇಳಿಸಿ ಮುಂದೆ ಕಳಿಸುತ್ತಿದ್ದರು. ಕಟ್ಟೆಯಲ್ಲಿ ಗುಂಟೋಲ್ಫನು ತೋಳು ಮಡಿಚಿ ಮೂಟೆಯೊಳಗೆ ಕೈಹಾಕಿ ತನಗೆ ಬೇಕಾದಷ್ಟು ತೆಗೆದುಕೊಳ್ಳುತ್ತಿದ್ದ. ಕೊನೆಗೆ ಲೊಂಬರ್ಗವನ್ನು ಮುಟ್ಟುತ್ತಿದ್ದುದು ಮೂಟೆ ಕೊಡವಿದ ಧೂಳು. ಅದನ್ನೂ ಅವನು ರೇಷ್ಮೆ ಚೀಲದಲ್ಲಿ ಕಟ್ಟಿ ‘ಅಕ್ಕನಿಗೆ ಪ್ರೀತಿಯ ಉಡುಗೊರೆ’ ಎಂದು ಕಳಿಸುತ್ತಿದ್ದ.

ಇಷ್ಟಾದರೆ ಒಡ್ರಿಕ್ ನುಂಗಿಕೊಳ್ಳುತ್ತಿದ್ದ. ಆದರೆ ಪ್ರತಿ ಸುಗ್ಗಿಯ ಹಬ್ಬಕ್ಕೆ ಗುಂಟೋಲ್ಫ ಅಕ್ಕನ ಮನೆಗೆ ಬರುತ್ತಿದ್ದ. ಬಂದವನು ಭೋಜನಶಾಲೆಯಲ್ಲಿ ಭಾವನ ಎದುರೇ ಕುಳಿತು, ಬಡಿಸಿದ ಮಾಂಸವನ್ನು ಒಮ್ಮೆ ಮೂಸಿ, ಒಳಜೇಬಿನಿಂದ ಒಂದು ಬೆಳ್ಳಿಯ ಡಬ್ಬಿ ತೆಗೆದು, ತನ್ನ ತಟ್ಟೆಗೆ ಮಾತ್ರ ಮೆಣಸು ಉದುರಿಸಿ, ಡಬ್ಬಿಯ ಮುಚ್ಚಳವನ್ನು ಟಕ್ ಎಂದು ಮುಚ್ಚಿ ಜೇಬಿಗಿಳಿಸುತ್ತಿದ್ದ. ಆಮೇಲೆ ತಲೆಯೆತ್ತಿ ಕೇಳುತ್ತಿದ್ದ:

“ಅಯ್ಯೋ, ಬೇಕಿತ್ತಾ ಭಾವ?”

“ಬೇಡ ಬೇಡ. ನನಗದು ಸೇರೋದಿಲ್ಲ,” ಎನ್ನುತ್ತಿದ್ದ ಅರಿರಾಜಗಜಘಟಾವಿಘಟನಪಟು. ಬಾಯಲ್ಲಿ ನೀರೂರುತ್ತಿತ್ತು, ಅದನ್ನು ವೈನ್ ಜೊತೆ ನುಂಗಿಬಿಡುತ್ತಿದ್ದ.

ಅಂಥ ಒಂದು ಹಬ್ಬದ ಮಧ್ಯಾಹ್ನ ಗುಂಟೋಲ್ಫನ ಸಾರೋಟು ಕಣ್ಮರೆಯಾದ ಮೇಲೆ ಮಹಾರಾಜನು ಕಿರೀಟವನ್ನು ಗೂಟಕ್ಕೆ ನೇತುಹಾಕಿ ಮಂಚದ ಮೇಲೆ ಅಡ್ಡಾದ. ಹೆಡ್ವಿಗಾದೇವಿಯು ಪಕ್ಕದಲ್ಲಿ ಕುಳಿತು ಉಣ್ಣೆಯ ಕುಲಾವಿ ಹೆಣೆಯುತ್ತಿದ್ದಳು. ಆ ಸಾಧ್ವಿಗೆ ಕುಲಾವಿ ಹೆಣೆಯುವುದೊಂದು ವ್ರತ. ಅರಮನೆಯಲ್ಲಿ ತಲೆಗಳಿಗಿಂತ ಕುಲಾವಿಗಳೇ ಹೆಚ್ಚಿದ್ದವು.

“ಅಲ್ಲಾ ರೀ, ಯಾಕೆ ಬೇಡ ಅಂದ್ರಿ? ಪಾಪ, ಅಷ್ಟು ಪ್ರೀತಿಯಿಂದ ಕೇಳ್ದ,” ಎಂದಳು.

“ಡಬ್ಬಿ ಜೇಬಿಗೆ ಹೋದ ಮೇಲೆ ಕೇಳ್ದ!”

“ಕೇಳೋದೇನೋ ಕೇಳ್ದ ತಾನೇ? ನಿಮಗೆ ನನ್ನ ತಮ್ಮನ್ನ ಕಂಡ್ರೆ ಮೊದಲಿಂದ್ಲೂ ಆಗೋದಿಲ್ಲ. ನಮ್ಮ ತವರಲ್ಲಿ ಆಳುಗಳ ಗಂಜಿಗೂ ಮೆಣಸು ಹಾಕ್ತಿದ್ರು. ಇಲ್ಲಿಗೆ ಬಂದ್ಮೇಲೆ ನನಗೆ ರುಚಿ ಅನ್ನೋದೇ ಮರ್ತುಹೋಗಿದೆ. ನಾನೇನೂ ದೂರ್ತಾ ಇಲ್ಲಪ್ಪ. ಸುಮ್ನೆ ಹೇಳ್ದೆ.”

ಎಲೈ ಕೇಳುಗರೇ, ಎಂಥೆಂಥ ಯುದ್ಧಗಳು ಎಂಥೆಂಥ ಮಾತಿನಿಂದ ಶುರುವಾಗಿವೆಯೋ ನಾನರಿಯೆ. ಲೊಂಬರ್ಗದ ನೌಕಾಬಲವು ಸಮುದ್ರಕ್ಕಿಳಿದದ್ದು ‘ಸುಮ್ನೆ ಹೇಳ್ದೆ’ ಎಂಬ ಒಂದು ಮಾತಿನಿಂದ. ಒಡ್ರಿಕ್ ಅತ್ತ ಮಗ್ಗುಲಾದ. ನಿದ್ದೆ ಹತ್ತಲಿಲ್ಲ. ಒಂದೇ ಒಂದು ಸಲ, ತನ್ನ ಮನೆಯಲ್ಲಿ, ತನ್ನದೇ ಮೆಣಸು ಹಾಕಿದ ಅಡುಗೆಯನ್ನು ತಿಂದು, ಆ ಗುಂಟೋಲ್ಫ ಬಾಯಿಬಿಟ್ಟು ‘ಚೆನ್ನಾಗಿದೆ ಭಾವ’ ಅನ್ನಬೇಕು. ಅಷ್ಟಾದರೆ ಸಾಕು, ಮಾರನೆಯ ದಿನ ಸತ್ತರೂ ಚಿಂತೆಯಿಲ್ಲ ಅನ್ನಿಸಿತು ಅವನಿಗೆ.

ಮರುದಿನ ಮಹಾಸಭೆ ಸೇರಿತು. ಮಹಾರಾಜನು ಖಡ್ಗವನ್ನು ಒರೆಯಿಂದ ಸೆಳೆಯಲು ಹೋಗಿ, ತುಕ್ಕು ಹಿಡಿದದ್ದರಿಂದ ಒರೆಯ ಸಮೇತ ಎತ್ತಿ ಹಿಡಿದು ಗರ್ಜಿಸಿದ:

“ಕೇಳಿರೈ, ಸಾಮಂತಸಚಿವಸೇನಾನಾಯಕರೇ! ಉತ್ತುಂಗತರಂಗಭಂಗಿಭೀಷಣವಾದ ಈ ಪಶ್ಚಿಮಾಂಬುಧಿಯನ್ನು ಸೀಳಿ, ಭೂಗೋಳದ ಬೆನ್ನನ್ನು ಬಳಸಿ, ಯಾವ ಒಂಟೆಯ ಹಂಗೂ ಯಾವ ಕಟ್ಟೆಯ ಸುಂಕವೂ ಇಲ್ಲದ ಜಲಮಾರ್ಗದಿಂದ ಮೂಡಣ ದೇಶವನ್ನು ಮುಟ್ಟದೆ ನಾನು ವಿರಮಿಸೆನು! ಆಕಾಶವು ಕಳಚಿಬೀಳಲಿ, ಕುಲಗಿರಿಗಳು ಕುಸಿಯಲಿ, ಮರೀಚವು ಈ ಮಂದಿರವನ್ನು ಪ್ರವೇಶಿಸುವ ತನಕ ನನಗೆ ಮೃಷ್ಟಾನ್ನವು ಮಣ್ಣು!”

ಸಭೆ ಜಯಘೋಷ ಮಾಡಿತು. ಆದರೆ ಭಾವಮೈದುನನ ಡಬ್ಬಿಗಾಗಿ ಹಡಗು ಕಟ್ಟಿದೆವೆಂದು ಜಗತ್ತಿಗೆ ಸಾರುವುದು ಹೇಗೆ? ಮಂತ್ರಿಗಳು ಗಂಭೀರ ಕಾರಣಗಳನ್ನು ಹುಡುಕಲು ಕೂತರು. ಧರ್ಮಗುರುವು, ಅಜ್ಞಾನದ ಕತ್ತಲಲ್ಲಿ ತೊಳಲುತ್ತಿರುವ ಮೂಡಣದವರಿಗೆ ಬೆಳಕು ತೋರಬೇಕೆಂದ. ಅವನು ಮೂಡಣದವರನ್ನು ನೋಡಿರಲಿಲ್ಲ, ಆದರೂ ತೊಳಲುತ್ತಿದ್ದಾರೆಂದು ಅವನಿಗೆ ಖಾತ್ರಿ. ಭಂಡಾರದ ಅಧಿಕಾರಿಯು ನಡುವಿನ ದಲ್ಲಾಳಿಗಳನ್ನೆಲ್ಲ ತಪ್ಪಿಸಿದರೆ ಬೊಕ್ಕಸ ತುಂಬಿ ತುಳುಕುವುದೆಂದ. ದಂಡನಾಯಕನು, ದೊಡ್ಡ ದೊಡ್ಡ ರಾಜರೆಲ್ಲ ಹಡಗು ಬಿಡುತ್ತಿದ್ದಾರೆ, ನಾವು ಬಿಡದಿದ್ದರೆ ಮರ್ಯಾದೆ ಹೋಗುತ್ತದೆಂದ. ಭೂಪಟದವನು ಭೂಮಿ ಕಡುಬೇ ಎಂದು ಸಾಧಿಸಲು ಇದೊಂದು ಸದವಕಾಶವೆಂದ. ಎಲ್ಲವನ್ನೂ ಸೇರಿಸಿ ಒಂದು ಭವ್ಯವಾದ ಫರ್ಮಾನು ಹೊರಟಿತು. ಮುಂದೆ ಲೊಂಬರ್ಗದ ಇತಿಹಾಸಕಾರರು ಅದನ್ನೇ ನಂಬಿ ಗ್ರಂಥ ಬರೆದರು. ಮಿಕ್ಕ ರಾಜರ ವಿಷಯ ನಾನು ಹೇಳಲಾರೆ. ಅವರ ಭಾವಮೈದುನರನ್ನು ನಾನು ಕಂಡವನಲ್ಲ.

ಹಡಗಿಗೊಬ್ಬ ನಾಯಕ ಬೇಕಲ್ಲ. ಅದುವರೆಗೆ ದಡ ಕಾಣುವಷ್ಟು ದೂರದಲ್ಲೇ ಮೀನು ಹಿಡಿದುಕೊಂಡಿದ್ದ ಟಿಬಾಲ್ಡ ಎಂಬ ಮಹಾರಥಿಯು ಎದೆ ಸೆಟೆದು ಮುಂದೆ ಬಂದ. ಅವನಲ್ಲಿ ಒಂದು ವಿಶೇಷವಿತ್ತು: ಅರಮನೆಯ ಶಿಷ್ಟಾಚಾರವನ್ನು ಅವನಷ್ಟು ನಿಷ್ಠೆಯಿಂದ ಪಾಲಿಸುವವರು ಮತ್ತೊಬ್ಬರಿರಲಿಲ್ಲ. ಲೊಂಬರ್ಗದಲ್ಲಿ ದೊಡ್ಡವರು ಕೈಚಾಚಿದರೆ ಮಂಡಿಯೂರಿ ಆ ಕೈಯನ್ನು ಚುಂಬಿಸಬೇಕು. ಪವಿತ್ರವಾದದ್ದಕ್ಕೆ ಬಟ್ಟೆ ಮುಚ್ಚಿದ್ದರೆ ಬಟ್ಟೆಯನ್ನು ಸರಿಸಿ ಚುಂಬಿಸಬೇಕು. ಟಿಬಾಲ್ಡನು ಚಾಚಿದ ಕೈಯನ್ನು ಚುಂಬಿಸದೆ ಎಂದೂ ಬಿಟ್ಟವನಲ್ಲ.

“ಸ್ವಾಮಿ! ಮಕರತಿಮಿತಿಮಿಂಗಿಲಸಂಕುಲವು ನನ್ನನ್ನು ನುಂಗಲಿ, ನಾನು ಅವುಗಳ ಹೊಟ್ಟೆಯೊಳಗಿಂದಲೇ ಹಡಗು ನಡೆಸುವೆನು!” ಎಂದು ಅವನು ಅಬ್ಬರಿಸಿದ.

“ಹೊಟ್ಟೆಯೊಳಗೆ ಚಳಿಯಿರುತ್ತೇನೋ ಕಣಪ್ಪ,” ಎನ್ನುತ್ತ ಹೆಡ್ವಿಗಾದೇವಿಯು ಒಂದು ದೊಡ್ಡ ಪೆಟ್ಟಿಗೆಯ ತುಂಬ ಕುಲಾವಿಗಳನ್ನು ಹೊರಿಸಿಕೊಂಡು ಬಂದಳು. “ಅಲ್ಲಿಯ ದೊರೆಗೆ ಉಡುಗೊರೆ ಅಂತ ಇದನ್ನೇ ಕೊಡು. ಬರಿಗೈಲಿ ಯಾರ ಮನೆಗೂ ಹೋಗ್ಬಾರ್ದು.”

ಹೀಗೆ ‘ಹಸಿದ ಹಂಸ’ವೆಂಬ ಆ ನಾವೆಯು ಹೊರಟಿತು. ಬಿರುಗಾಳಿ ಬೀಸಿತು, ಪಟ ಹರಿಯಿತು. ಒಣರೊಟ್ಟಿಯಲ್ಲಿ ಹುಳು ಬಿದ್ದವು, ಹುಳುಗಳು ರೊಟ್ಟಿಗಿಂತ ಮೆತ್ತಗಿದ್ದವು. ಒಂದು ಭೂಖಂಡದ ಬಾಲದ ತುದಿಯನ್ನು ಸುತ್ತಿ ಮೇಲಕ್ಕೆ ಬಂದಾಗ, ಮುಂದೆ ಎತ್ತ ಹೋಗಬೇಕೆಂದು ತಿಳಿಯದೆ ಮಹಾರಥಿ ಟಿಬಾಲ್ಡನು ಕಕ್ಕಾಬಿಕ್ಕಿಯಾದ. ಆಗ ಆ ತೀರದ ಒಬ್ಬ ಮುದುಕ ನಾವಿಕನು ದೋಣಿಯಲ್ಲಿ ಬಲೆ ಹೊಲಿಯುತ್ತ ಕೂತಿದ್ದ. ಟಿಬಾಲ್ಡನು ಕೈಸನ್ನೆಯಿಂದ ಮೆಣಸು ಅರೆಯುವಂತೆಯೂ ಸೀನುವಂತೆಯೂ ನಟಿಸಿದ. ಮುದುಕ ಸೂಜಿ ಎತ್ತಿ ದಿಕ್ಕು ತೋರಿಸಿ, ಈ ಗಾಳಿ ಹಿಡಿದು ಹೋಗು ಎಂದು ಸನ್ನೆ ಮಾಡಿದ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಅದೇ ಗಾಳಿ ಹಿಡಿದು ಹೋಗಿ ಬಂದವರೇ. ಇತಿಹಾಸವು ಇದನ್ನು ನೂತನ ಜಲಮಾರ್ಗದ ಆವಿಷ್ಕಾರವೆನ್ನುತ್ತದೆ. ನಮ್ಮ ಕಡೆ ಇದಕ್ಕೆ ದಾರಿ ಕೇಳುವುದು ಎನ್ನುತ್ತಾರೆ.

ಹಂಸವು ಬಂದು ಲಂಗರು ಹಾಕಿದ್ದು ನಮ್ಮದೇ ಕರಾವಳಿಯ ಒಂದು ಅಳಿವೆಯ ಬಂದರಿನಲ್ಲಿ. ಅಲ್ಲಿ ಮೆಣಸಿನ ವರ್ತಕ ಬೂದಣ್ಣ ಸೆಟ್ಟಿಯು ತನ್ನ ಮಂಡಿಯ ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ. ಹಿಂದೆ ಹೆಂಡತಿ ತುಂಗಮ್ಮ ಮೊರದಲ್ಲಿ ಮೆಣಸು ಕೇರುತ್ತಿದ್ದಳು. ಮೈತುಂಬ ಕಬ್ಬಿಣ ತೊಟ್ಟು, ಬೆವರಿಳಿಸಿಕೊಂಡು, ಕೆಂಪು ಮೋರೆಯವನೊಬ್ಬ ಜನ ಕಟ್ಟಿಕೊಂಡು ಬಂದದ್ದನ್ನು ಕಂಡು ಸಂತೆಯೆಲ್ಲ ಜಗಲಿಯ ಮುಂದೆ ನೆರೆಯಿತು. ಪೇಟೆಯಲ್ಲಿ ಊರೂರಿನ ಭಾಷೆ ಬಲ್ಲ ಒಬ್ಬ ದುಭಾಷಿಯಿದ್ದ, ಅವನನ್ನು ಕರೆತಂದರು. ಟಿಬಾಲ್ಡನು ಶಿರಸ್ತ್ರಾಣ ತೆಗೆದು ಘೋಷಿಸಿದ:

“ಪೂರ್ವದಿಗ್ವಧೂವದನತಿಲಕಾಯಮಾನನಾದ ಸಮ್ರಾಟನೇ! ಚಂಡಮಾರುತಗಳ ಜಡೆ ಹಿಡಿದೆಳೆದು, ಮೃತ್ಯುವಿನ ಮೀಸೆಯನ್ನು ತಿರುವಿ, ಲೊಂಬರ್ಗಕುಲದೀಪಕನ ಆಜ್ಞೆಯನ್ನು ಶಿರದಲ್ಲಿ ಧರಿಸಿ, ಧರ್ಮದ ಉದ್ಧಾರಕ್ಕೂ ಜ್ಞಾನದ ವಿಸ್ತಾರಕ್ಕೂ ಎರಡು ಜನಾಂಗಗಳ ಅಮರಮೈತ್ರಿಗೂ ನಾನು ನಿನ್ನ ಸನ್ನಿಧಿಗೆ ಬಂದಿರುವೆನು!”

ದುಭಾಷಿ ಎಲ್ಲವನ್ನೂ ಕೇಳಿ ಸೆಟ್ಟಿಯ ಕಡೆ ತಿರುಗಿದ. “ಮೆಣಸು ಬೇಕಂತೆ, ಸೆಟ್ರೇ.”

“ಅಷ್ಟ್ ಹೇಳೂಕೆ ಇಷ್ಟೊತ್ತು ಬೇಕಾ ಮಾರಾಯಾ ಇವ್ಗೆ?” ಎಂದ ಸೆಟ್ಟಿ. “ಎಂತ ತಂದಿದ್ದ ಕೇಳು.”

ಪೆಟ್ಟಿಗೆ ತೆರೆಯಿತು. ಸೆಟ್ಟಿಯು ಒಂದು ಕುಲಾವಿಯನ್ನೆತ್ತಿ, ಒಳಗೆ ಕೈತೂರಿಸಿ, ತಿರುಗಿಸಿ ನೋಡಿದ. ಅದು ವೈಶಾಖದ ನಡುಹಗಲು. ನಾಯಿಗಳು ನೆರಳಲ್ಲಿ ನಾಲಗೆ ಚಾಚಿ ಬಿದ್ದಿದ್ದವು.

“ಈ ಸೆಕೆಗೆ ಉಣ್ಣೆ ಟೊಪ್ಪಿಯಾ? ತಲೆ ಮೇಲಿಟ್ರೆ ತಲೆ ಬೆಂದ್ಹೋಗೂದಿಲ್ವಾ?”

“ಇರ್ಲಿ, ತಗಣಿ,” ಎಂದಳು ತುಂಗಮ್ಮ ಮೊರದಿಂದ ಕಣ್ಣೆತ್ತದೆ. “ಮಾವಿನ್ಹಣ್ಣು ಕೊಯ್ಯೂ ದೋಟಿಗೆ ಕಟ್ಟೂಕೆ ಆಗ್ತದೆ. ಹಣ್ಣು ಕೆಳಗೆ ಬಿದ್ದು ಅಪ್ಪಚ್ಚಿ ಆಗೂದು ತಪ್ತದೆ.”

ಹೆಂಡತಿಯ ಮಾತಲ್ಲಿ ನ್ಯಾಯ ಕಂಡಿತು ಸೆಟ್ಟಿಗೆ. ಆ ಪೇಟೆಯ ವ್ಯಾಪಾರಕ್ಕೊಂದು ಪದ್ಧತಿಯಿತ್ತು. ದರವನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಸುತ್ತ ನಿಂತವರಿಗೆ ತಿಳಿದುಹೋಗುತ್ತದೆ. ಮಾರುವವನು ಕೈಯ ಮೇಲೆ ಅಂಗವಸ್ತ್ರ ಮುಚ್ಚಿ ಮುಂದೆ ಚಾಚಬೇಕು; ಕೊಳ್ಳುವವನು ಬಟ್ಟೆಯಡಿ ಕೈಹಾಕಿ ಅವನ ಬೆರಳುಗಳನ್ನು ಹಿಡಿದು, ಒತ್ತಿ, ದರ ಹೇಳಬೇಕು. ಬೂದಣ್ಣ ಸೆಟ್ಟಿಯು ಎಂದಿನಂತೆ ಅಂಗವಸ್ತ್ರವನ್ನು ಕೈಯ ಮೇಲೆ ಹರಡಿ, ಗಂಭೀರನಾಗಿ, ಆ ಕೈಯನ್ನು ಟಿಬಾಲ್ಡನ ಮುಂದೆ ಚಾಚಿದ.

ಟಿಬಾಲ್ಡನ ಮೈ ನವಿರೆದ್ದಿತು. ಸಮ್ರಾಟನು ತಾನಾಗಿ ಕೈಚಾಚಿದ್ದಾನೆ! ಅದೂ ಪವಿತ್ರವೆಂದು ಬಟ್ಟೆ ಮುಚ್ಚಿ! ಅವನು ಕಬ್ಬಿಣದ ಮಂಡಿಗಳನ್ನು ಜಗಲಿಯ ಕಲ್ಲಿಗೆ ಖಣಿಲೆಂದು ಊರಿ, ಅಂಗವಸ್ತ್ರವನ್ನು ಭಕ್ತಿಯಿಂದ ಸರಿಸಿ, ಸೆಟ್ಟಿಯ ಮುಂಗೈಯ ಮೇಲೆ ಸಂತೆಯ ತುದಿಗೂ ಕೇಳುವಂಥ ಒಂದು ಮುತ್ತನ್ನು ಇಟ್ಟ.

ಸಂತೆಯ ತಕ್ಕಡಿಗಳು ನಿಂತಲ್ಲೇ ನಿಂತವು.

“ಥೂ! ಥೂ ಥೂ! ಎಂತ ಮಾಡ್ದ ಇವ!” ಎಂದು ಬೂದಣ್ಣ ಸೆಟ್ಟಿಯು ಜಗಲಿಯಿಂದ ಹಾರಿದ. “ಕೈಯೆಲ್ಲ ಎಂಜಲು ಮಾಡ್ಬಿಟ್ನಲ್ಲ!”

“ಹಸ್ದಿದಾನೆ ಕಾಣ್ತದೆ ಪಾಪ. ನಿಮ್ಮ ಕೈಯನ್ನೇ ತಿನ್ನೂಕೆ ಹೊರ್ಟ,” ಎನ್ನುತ್ತ ತುಂಗಮ್ಮ ಮೊರ ಬದಿಗಿಟ್ಟು, ಸೆರಗು ಬಾಯಿಗೊತ್ತಿ ನಗತೊಡಗಿದಳು. ಅವಳು ನಕ್ಕದ್ದೇ ತಡ, ಸಂತೆಗೆ ಸಂತೆಯೇ ಹೊಟ್ಟೆ ಹಿಡಿದುಕೊಂಡಿತು.

ಎಂಜಲು ಕೈಯಿಂದ ಸರಕು ಮುಟ್ಟುವಂತಿಲ್ಲ, ತಕ್ಕಡಿ ಹಿಡಿಯುವಂತಿಲ್ಲ. ಆ ಕೈಯನ್ನು ಮೈಯಿಂದ ಆದಷ್ಟು ದೂರ ಚಾಚಿಕೊಂಡು, ಬೇರೆ ಯಾರದೋ ಕೈ ಹೊತ್ತು ತಿರುಗುವವನಂತೆ ಸೆಟ್ಟಿ ಅತ್ತಿತ್ತ ಓಡಾಡಿದ. ಟಿಬಾಲ್ಡನು ತನ್ನ ಪೂಜೆ ಸಾಲಲಿಲ್ಲವೇನೋ ಎಂದುಕೊಂಡು ಮಂಡಿಯ ಮೇಲೇ ಸರಿಯುತ್ತ ಹಿಂಬಾಲಿಸಿದ.

“ಹತ್ರ ಬರ್ಬೇಡ ಹೇಳು ಅವ್ನಿಗೆ!” ಸೆಟ್ಟಿ ಕೂಗಿದ. “ಒಂದ್ ಮೂಟೆ ಮೆಣಸು ಹೊರಿಸಿ ಕಳ್ಸಿ ಮೊದ್ಲು! ಟೊಪ್ಪಿ ಪೆಟ್ಗೆ ಇಲ್ಲೇ ಇರ್ಲಿ. ನಾ ಹೊಳೆಗೆ ಹೋಗೂದು, ಮೀಬೇಕು!”

“ಸಮ್ರಾಟರು ಪ್ರಸನ್ನರಾದರು,” ಎಂದು ದುಭಾಷಿ ಟಿಬಾಲ್ಡನಿಗೆ ಹೇಳಿದ. ಟಿಬಾಲ್ಡನ ಕಣ್ಣು ತುಂಬಿ ಬಂತು. ಚೌಕಾಸಿಯೇ ಇಲ್ಲದೆ ಮೆಣಸು ಕೊಂಡ ಮೊದಲನೆಯ ಮತ್ತು ಕೊನೆಯ ಗಿರಾಕಿ ಅವನೇ ಎಂದು ಆ ಪೇಟೆಯವರು ಬಹಳ ಕಾಲ ಆಡಿಕೊಳ್ಳುತ್ತಿದ್ದರು.

ಮೂಟೆಯು ಲೊಂಬರ್ಗ ಸೇರಿದ ದಿನ ಒಡ್ರಿಕ್ ಮಹಾರಾಜನು ಬರಿಗಾಲಲ್ಲಿ ಬಂದರಿಗೆ ಓಡಿ ಅದನ್ನು ತಬ್ಬಿಕೊಂಡ. ಮೂಸಿದ. ಸೀನಿದ. ಮತ್ತೆ ಮೂಸಿದ. ಸುಗ್ಗಿಯ ಹಬ್ಬ ಹತ್ತಿರವಿತ್ತು. ಗುಂಟೋಲ್ಫನಿಗೆ ವಿಶೇಷ ಆಹ್ವಾನ ಹೋಯಿತು.

ಹಬ್ಬದ ಬೆಳಿಗ್ಗೆ ಮಹಾರಾಜನು ಪಾಕಶಾಲೆಯನ್ನು ಹೊಕ್ಕಾಗ, ಮುಖ್ಯ ಅಡಿಗೆಯವಳು ಉರ್ಸುಲಾ ಮಾಂಸ ಬೇಯುತ್ತಿದ್ದ ದೊಡ್ಡ ಕಡಾಯಿಯ ಮುಂದೆ ಸೌಟು ಹಿಡಿದು ನಿಂತಿದ್ದಳು. ಒಡ್ರಿಕ್ ತಾನೇ ಕೈಯಾರೆ ಮೆಣಸು ಕುಟ್ಟಿ, ತಾನೇ ಕಡಾಯಿಗೆ ಸುರಿದ. ಘಮಲು ಎದ್ದಿತು. ಅಡಿಗೆಯವರು, ಪರಿಚಾರಕರು, ಸೌದೆ ತರುವವರು, ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ಎಲ್ಲರ ಕೈಯಲ್ಲೂ ಒಂದೊಂದು ಚಮಚ ಕಂಡಿತು. ಮಹಾರಾಜನು ಕಡಾಯಿಗೆ ಅಡ್ಡ ನಿಂತ.

“ಯಾರೂ ರುಚಿ ನೋಡತಕ್ಕದ್ದಲ್ಲ!” ಎಂದು ಆಜ್ಞಾಪಿಸಿದ. “ಭಾವಮೈದುನನ ನಾಲಗೆಗೆ ಮುಟ್ಟುವ ಮುಂಚೆ ಈ ಪಾಕವನ್ನು ಮುಟ್ಟುವ ನಾಲಗೆಯನ್ನು ಕಿತ್ತೊಗೆಸುವೆನು!”

“ಅಲ್ಲ ದೊರೆ, ಹದ ಗೊತ್ತಾಗ್ಬೇಕಲ್ಲ, ಒಂದೇ ಒಂದು ಹನಿ—” ಎಂದಳು ಉರ್ಸುಲಾ.

“ಒಂದು ಹನಿಯೂ ಇಲ್ಲ!”

ಕಡಾಯಿಯ ಸುತ್ತ ಭರ್ಜಿ ಹಿಡಿದ ಪಹರೆಯವರು ನಿಂತರು. ಉರ್ಸುಲಾ ಸೌಟನ್ನು ನೆಲಕ್ಕಿಟ್ಟು, ಮೂಲೆಯ ಮಣೆಯ ಮೇಲೆ ಮುಖ ಊದಿಸಿಕೊಂಡು ಕೂತಳು. ಆಮೇಲೆ ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

ಮಧ್ಯಾಹ್ನ ಕಹಳೆಗಳು ಮೊಳಗಿದವು. ಕಡಾಯಿಯನ್ನು ಮೆರವಣಿಗೆಯಲ್ಲಿ ಭೋಜನಶಾಲೆಗೆ ತಂದರು. ಟಿಬಾಲ್ಡನು ಹೊಸ ಬಿರುದಿನ ಹಾರ ತೊಟ್ಟು ಮುಂದೆ ನಡೆದ. ಗುಂಟೋಲ್ಫನ ಮೂಗಿನ ಹೊಳ್ಳೆಗಳು ಅರಳಿದವು. ಅವನು ಅಭ್ಯಾಸಬಲದಿಂದ ಒಳಜೇಬಿಗೆ ಕೈಹಾಕಿದ. ಹಾಗೇ ಮೆಲ್ಲಗೆ ಕೈ ತೆಗೆದ. ಆ ಕ್ಷಣದಲ್ಲಿ ಒಡ್ರಿಕ್ ಮಹಾರಾಜನು ಅನುಭವಿಸಿದ ಸುಖವನ್ನು ವರ್ಣಿಸಲು ನನ್ನಲ್ಲಿ ಸಮಾಸಗಳು ಸಾಲವು.

ಬಡಿಸಿದರು. ಗುಂಟೋಲ್ಫ ಒಂದು ತುಂಡು ಬಾಯಿಗಿಟ್ಟ. ಅಗಿದ. ಧರ್ಮಗುರು, ಭಂಡಾರದವನು, ದಂಡನಾಯಕ, ಭೂಪಟದವನು, ಎಲ್ಲರೂ ಆ ದವಡೆಯನ್ನೇ ನೋಡುತ್ತಿದ್ದರು. ಒಡ್ರಿಕ್ ಮೇಜಿನಂಚನ್ನು ಗಟ್ಟಿಯಾಗಿ ಹಿಡಿದಿದ್ದ. ಅವನ ಬದುಕೆಲ್ಲ ಆ ಒಂದು ತುತ್ತಿನಲ್ಲಿತ್ತು. ಗುಂಟೋಲ್ಫ ನುಂಗಿದ. ತಲೆಯೆತ್ತಿದ.

“ಚೆನ್ನಾಗಿದೆ ಭಾವ,” ಎಂದ.

ಟಿಬಾಲ್ಡನು ಮಂಡಿಯೂರಿದ. ಕಹಳೆಯವನು ಕಹಳೆಯನ್ನು ತುಟಿಗಿಟ್ಟ.

“ಉಪ್ಪೊಂದು ಕಡಿಮೆ.”

ಹೆಡ್ವಿಗಾದೇವಿಯು ಚಮಚದ ತುದಿಯಿಂದ ನೆಕ್ಕಿ ನೋಡಿ, “ಕಡಿಮೆ ಅಲ್ವೋ, ಹಾಕೇ ಇಲ್ಲ,” ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. “ಅಲ್ಲಾ ರೀ, ಇಷ್ಟೆಲ್ಲ ಮಾಡಿದ್ದೀರಿ, ಯಾರೂ ಒಂಚೂರು ರುಚಿ ನೋಡ್ಲಿಲ್ವಾ?”

ಕಹಳೆಯವನು ಕಹಳೆಯನ್ನು ಕೆಳಗಿಳಿಸಿ ಒರೆಸತೊಡಗಿದ.

ಕಿಟಕಿಯಾಚೆ, ಅರಮನೆಯ ಹಿಂದೆಯೇ, ಕಣ್ಣು ಹಾಯುವಷ್ಟು ದೂರಕ್ಕೂ ಉಪ್ಪುನೀರೇ ಹರಡಿತ್ತು. ಪ್ರಚಂಡಭುಜದಂಡಮಂಡಿತನಾದ ಶ್ರೀಮನ್ಮಹಾರಾಜ ಒಡ್ರಿಕ್ ಪೀಠದಿಂದ ಎದ್ದ. ಅಡಿಗೆಮನೆಗೆ ಹೋಗಿ, ಮುಖ ಊದಿಸಿಕೊಂಡಿದ್ದ ಉರ್ಸುಲಾಳನ್ನು ಬೇಡಿಕೊಂಡು, ಉಪ್ಪಿನ ಬಟ್ಟಲು ತಂದ. ಭಾವಮೈದುನನ ಪಕ್ಕದಲ್ಲಿ ನಿಂತು, ಬಗ್ಗಿ, ಅವನ ತಟ್ಟೆಗೆ ಒಂದು ಚಿಟಿಕೆ ಉದುರಿಸಿದ.

“ಸಾಕಾ?”

ಗುಂಟೋಲ್ಫ ತಿಂದು ನೋಡಿದ.

“ಇನ್ನೊಂದು ಚೂರು ಹಾಕಿ ಭಾವ.”

ಹಾಕಿದ.